ನಕ್ಷೆಯಲ್ಲಿ ಇಲ್ಲದ ಅಡುಗೆಮನೆ: ಫ್ಲ್ಯಾಟ್ ಕೊಳ್ಳುವ ಮುನ್ನ ಓದಿ

ಚಿಕ್ಕಮಗಳೂರಿನಲ್ಲಿ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವಿಬ್ಬರೂ ನಿವೃತ್ತಿಯಾದಾಗ ಬಂದ ಹಣವೆಲ್ಲ ಇದರಲ್ಲಿ ಸಿಕ್ಕಿಕೊಂಡಿದೆ.

2019ರಲ್ಲಿ ಎರಡು ಮನೆ ನೋಡಿದ್ದೆವು. ಹಿರೇಮಗಳೂರಿನ ಕಡೆ 30x40 ನಿವೇಶನದಲ್ಲಿ ಹಳೆಯ ಹೆಂಚಿನ ಮನೆ, 42 ಲಕ್ಷ. ಕಡೂರು ರಸ್ತೆಯ ಕಡೆ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಫ್ಲ್ಯಾಟ್, 38 ಲಕ್ಷ. ಹೆಂಚಿನ ಮನೆಯಾದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ನನ್ನ ಯಜಮಾನರಿಗೆ ಮಂಡಿನೋವು. ಫ್ಲ್ಯಾಟಿನಲ್ಲಿ ಲಿಫ್ಟ್ ಇತ್ತು, ಮಗಳ ಮನೆಗೆ ಹೊರಟರೆ ಬೀಗ ಹಾಕಿಕೊಂಡು ಹೋದರಾಯಿತು. ಫ್ಲ್ಯಾಟೇ ಇರಲಿ ಎಂದೆವು.

ರೇರಾ, ಅಂದರೆ ಮನೆ ಕಟ್ಟಿ ಮಾರುವ ಯೋಜನೆಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರದ ನೋಂದಣಿ ಸಂಖ್ಯೆ ಕೇಳಿದೆ. "ಎಂಟು ಮನೆಗಿಂತ ಹೆಚ್ಚಿದ್ದರೆ ಮಾತ್ರ ರೇರಾ, ಮೇಡಂ. ನಮ್ಮ ಪ್ಲಾನ್ ಇರುವುದೇ ಎಂಟು ಮನೆಗೆ" ಎಂದರು ಬಿಲ್ಡರ್. ಮೂರನೇ ಮಹಡಿಯಲ್ಲಿ ನಿಂತೇ ಆ ಮಾತು ಕೇಳಿದ ನಾನು ಕೆಳಗಿನ ಮನೆಗಳನ್ನು ಎಣಿಸಲಿಲ್ಲ. ಕೆಳಗೆ ವಾಹನ ನಿಲುಗಡೆ, ಅದರ ಮೇಲಿನ ಎರಡು ಮಹಡಿಗಳಲ್ಲಿ ತಲಾ ನಾಲ್ಕು ಮನೆ. ಎಂಟು ಅಲ್ಲಿಗೇ ಮುಗಿದಿತ್ತು. ನಮ್ಮದು ಒಂಬತ್ತನೆಯದು.

ಸಾಲ ಮಾಡದೆ ಕೊಂಡೆವು ಎಂಬ ಹೆಮ್ಮೆ ನಮಗಿತ್ತು. ಸಾಲ ಕೇಳಿದ್ದರೆ ಬ್ಯಾಂಕಿನ ವಕೀಲರಾದರೂ ಮಂಜೂರಾದ ನಕ್ಷೆ ಕೇಳುತ್ತಿದ್ದರು. ನಮ್ಮ ಕಾಗದಗಳನ್ನು ಬೇರೆ ಯಾರೂ ನೋಡಲೇ ಇಲ್ಲ. ನೋಂದಾಯಿತ ಕರಾರು ಆಗುವ ಮೊದಲೇ ಹತ್ತು ಲಕ್ಷ ಕೊಟ್ಟಿದ್ದೆವು. ಕರಾರು ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು 2016ರ ರೇರಾ ಕಾಯ್ದೆಯಲ್ಲೇ ಇದೆ.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮಲಗುವ ಕೋಣೆಯ ಚಾವಣಿ ಸೋರತೊಡಗಿತು. ಮಾರಿಬಿಡೋಣ ಎಂದುಕೊಂಡು ಇ-ಖಾತಾ (ಆಸ್ತಿ ಯಾರದೆಂದು ತೋರಿಸುವ ನಗರಸಭೆಯ ಆನ್‌ಲೈನ್ ದಾಖಲೆ) ಮಾಡಿಸಲು ನಗರಸಭೆಗೆ ಹೋದಾಗ ಅಲ್ಲಿನ ಸಿಬ್ಬಂದಿ ಮಂಜೂರಾದ ನಕ್ಷೆಯ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದರು. ನಕ್ಷೆಯಲ್ಲಿ ಎರಡನೇ ಮಹಡಿಗೇ ಕಟ್ಟಡ ಮುಗಿದಿತ್ತು. ಅದರ ಮೇಲೆ ಮೆಟ್ಟಿಲು ಮುಗಿಯುವ ಚಿಕ್ಕ ಕೋಣೆ, ಒಂದು ನೀರಿನ ತೊಟ್ಟಿ, ಅಷ್ಟೇ. ಬೆರಳಿಟ್ಟು ಲೆಕ್ಕ ಹಾಕಿದೆ: ತೊಟ್ಟಿ ಬರೆದಿದ್ದ ಜಾಗದಲ್ಲಿ ನನ್ನ ಅಡುಗೆಮನೆಯಿದೆ.

ಇನ್ನೂ ದೊಡ್ಡ ಪೆಟ್ಟು ಋಣಭಾರ ಪತ್ರದಲ್ಲಿತ್ತು, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯಲ್ಲಿ. ಕೆಳಗಿನ ಎಂಟು ಮನೆಗಳ ಕ್ರಯಪತ್ರಗಳಲ್ಲಿ ಪ್ರತಿಯೊಬ್ಬರಿಗೂ ನಿವೇಶನದ ಎಂಟನೇ ಒಂದು ಅವಿಭಜಿತ ಪಾಲು (ಗಡಿ ಗುರುತಿಸದೆ ಜಂಟಿಯಾಗಿ ಬರುವ ಪಾಲು) ಬರೆದುಕೊಟ್ಟಿದ್ದಾರೆ. ನಮ್ಮ ಪತ್ರದಲ್ಲಿ ಹನ್ನೆರಡನೇ ಒಂದು ಎಂದಿದೆ. ಎಂಟು ಜನರಿಗೆ ಇಡೀ ನೆಲ ಹಂಚಿಹೋದ ಮೇಲೆ ನಮಗೆ ಕೊಡಲು ಏನು ಉಳಿದಿತ್ತು? ಬಿಲ್ಡರನ್ನು ಕೇಳಿದರೆ, "ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತದೆ" ಎನ್ನುತ್ತಾರೆ. ನಿಯಮ ಮೀರಿ ಕಟ್ಟಿದ ಪಟ್ಟಣದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ನೀಡಿತ್ತು, ನಾವು ಕೊಳ್ಳುವುದಕ್ಕೂ ಎರಡು ವರ್ಷ ಮೊದಲು!

ಫ್ಲ್ಯಾಟ್ ಬೇಡ, ಸ್ವತಂತ್ರ ಮನೆಯನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ನಿವೇಶನ ಕೊಂಡು ಅತ್ತವರೂ ನಮ್ಮ ಬಳಗದಲ್ಲಿದ್ದಾರೆ. ಆದರೆ ಹೆಂಚಿನ ಮನೆಯ ನೆಲವನ್ನು ಟೇಪು ಹಿಡಿದು ಅಳೆಯಬಹುದಿತ್ತು. ಫ್ಲ್ಯಾಟಿನಲ್ಲಿ ನಿಮ್ಮ ನೆಲ ಕಾಗದದಲ್ಲಿ ಮಾತ್ರ ಇರುತ್ತದೆ. ಬಿಲ್ಡರ್ ಕೊಡುವ ಜೆರಾಕ್ಸ್ ನಂಬಬೇಡಿ, ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಯನ್ನು ನೀವೇ ಪಡೆಯಿರಿ. ಆಮೇಲೆ ಕಟ್ಟಡದ ಎದುರು ನಿಂತು ಮಹಡಿ ಎಣಿಸಿ. ಎಲ್ಲ ಮನೆಗಳ ಪಾಲು ಕೂಡಿಸಿ, ಮೊತ್ತ ಒಂದನ್ನು ಮೀರುತ್ತದೆಯೇ ನೋಡಿ. ವಾಸಯೋಗ್ಯ ಪ್ರಮಾಣಪತ್ರ ಕೈಗೆ ಬರದೆ ಕೊನೆಯ ಕಂತು ಕೊಡಬೇಡಿ. 500 ಚದರ ಮೀಟರ್ ಮೀರಿದ ನಿವೇಶನದಲ್ಲಿ ಎಂಟಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರುವುದಾದರೆ ರೇರಾ ನೋಂದಣಿ ಕಡ್ಡಾಯ. ನಮ್ಮದು 60x100 ಅಡಿ ನಿವೇಶನ, ಅಂದರೆ ಸುಮಾರು 557 ಚದರ ಮೀಟರ್, ಹನ್ನೆರಡು ಮನೆ.

ವಕೀಲರ ಮೂಲಕ ದೂರು ಸಲ್ಲಿಸಿದ್ದೇವೆ. ಇ-ಖಾತಾ ಇಲ್ಲದೆ ಮಾರಾಟದ ನೋಂದಣಿ ಆಗುವುದಿಲ್ಲ, ಹಾಗಾಗಿ ಸೋರುವ ಕೋಣೆಗೆ ಬಕೆಟ್ ಇಟ್ಟುಕೊಂಡು ಅಲ್ಲೇ ಇದ್ದೇವೆ. ನಮ್ಮ ಬೀದಿಯ ತಿರುವಿನಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಮೇಲಿನ ಸ್ಲ್ಯಾಬ್ ಹಾಕಿದ ಮೇಲೂ, ಇನ್ನೊಂದು ಮಹಡಿ ಏರಿಸುವವರಂತೆ, ಕಂಬಗಳ ಕಬ್ಬಿಣ ಮೇಲಕ್ಕೇ ನಿಂತಿದೆ. ಅಲ್ಲಿ ಮನೆ ನೋಡಲು ಬಂದವರಿಗೆಲ್ಲ ನಮ್ಮ ನಕ್ಷೆಯ ಪ್ರತಿ ತೋರಿಸುತ್ತಿದ್ದೇನೆ.