ಪಫರ್ ಜೊತೆ ಎಲ್ಲಾ ಮೀನೂ ಹೊಂದುತ್ತೆ ಅನ್ನುವ ಅಂಗಡಿಯವರನ್ನು ನಂಬಬೇಡಿ

ಗ್ರೀನ್ ಸ್ಪಾಟೆಡ್ ಪಫರ್ ತಗೊಳ್ಳಬೇಕು ಅಂತಿರುವವರು ದಯವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ಓದಿ. ಅದೇ, ಹಸಿರು ಮೈ ಮೇಲೆ ಕಪ್ಪು ಚುಕ್ಕೆ, ಬಿಳಿ ಹೊಟ್ಟೆ, ಗಾಜಿನ ಹತ್ತಿರ ಬಂದು ನಮ್ಮನ್ನೇ ನೋಡುವ ಮೀನು. ಅದರ ಜೊತೆಗೆ ಇದು ಬಿಡಿ, ಅದು ಬಿಡಿ, ಎಲ್ಲಾ ಹೊಂದಿಕೊಳ್ಳುತ್ತೆ ಅಂತ ಹೇಳಿ ಒಬ್ಬ ಅಂಗಡಿಯವನು ನನಗೆ ಒಂದಾದ ಮೇಲೆ ಒಂದು ಜಾತಿ ಮೀನು ಮಾರಿದ. ಹೆಚ್ಚಿನವು ಸತ್ತವು. ಗೊತ್ತಿಲ್ಲದೆ ಮಾರಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗೊತ್ತಿದ್ದೇ ಮಾರಿದ.

ಮೊದಲ ದಿನವೇ ನಾನು ಕೇಳಿದ್ದೆ, "ಇದು ಉಪ್ಪು ನೀರಿನ ಮೀನು ಅಲ್ವಾ?" ಅಂತ. ಅದಕ್ಕೆ ಅವನು, "ನಿಮ್ಮನೇಲಿ ಬೋರ್ ನೀರು ತಾನೇ ಮೇಡಂ? ಅದೇ ಉಪ್ಪು ನೀರು. ಜೊತೆಗೆ ಒಂದು ಚಮಚ ಈ ಉಪ್ಪು ಹಾಕಿ, ಸಾಕು" ಎಂದ. ಕೈಗೆ ಒಂದು ಪ್ಯಾಕೆಟ್ ಕೊಟ್ಟ. ಮನೆಗೆ ಬಂದು ನೋಡಿದರೆ ಬರೀ ಕಲ್ಲುಪ್ಪು.

ಬೆಂಗಳೂರಿನ ಬೋರ್ ನೀರು ಗಡಸು ನೀರು, ಅಷ್ಟೇ. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವ ಸುಣ್ಣದ ಅಂಶಕ್ಕೂ ಸಮುದ್ರದ ಉಪ್ಪಿಗೂ ಸಂಬಂಧವೇ ಇಲ್ಲ. ಈ ಮೀನು ಹೊಳೆ ಸಮುದ್ರ ಸೇರುವ ಅಳಿವೆಯದು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆಯದು. ಅದಕ್ಕೆ ಬೇಕಿರುವುದು ಸವುಳು ನೀರು, ಅಂದರೆ ಸಮುದ್ರದ ನೀರೂ ಸಿಹಿನೀರೂ ಬೆರೆತಂಥದ್ದು. ಮರೀನ್ ಸಾಲ್ಟ್ ಅಂತಲೇ ಬೇರೆ ಸಿಗುತ್ತೆ, ಅದನ್ನು ಅಳತೆ ಮಾಡಿ ಹಾಕಬೇಕು. ನೀರಿನ ಉಪ್ಪು ಅಳೆಯುವ ಹೈಡ್ರೋಮೀಟರಿನಲ್ಲಿ ಕನಿಷ್ಠ 1.005 ತೋರಿಸಬೇಕು, ಅಂದರೆ ಲೀಟರಿಗೆ ಸುಮಾರು 8-9 ಗ್ರಾಂ ಉಪ್ಪು. ಮೀನು ಬೆಳೆದ ಹಾಗೆ ಇನ್ನೂ ಏರಿಸಬೇಕು. ಒಂದು ಚಮಚದಲ್ಲಿ ಏನಾಗುತ್ತೆ ಹೇಳಿ?

ಆಮೇಲೆ ಜೊತೆ ಮೀನುಗಳ ಕಥೆ. ಎರಡು ಅಡಿ ಟ್ಯಾಂಕು, ಐವತ್ತು ಚಿಲ್ಲರೆ ಲೀಟರ್ ನೀರು. ಅದರಲ್ಲಿ ಒಂದು ಪಫರ್ ಇಟ್ಟು, "ಒಂದೇ ಇದ್ರೆ ಬೇಜಾರಾಗುತ್ತೆ ಅದಕ್ಕೆ" ಅಂತ ಗಪ್ಪಿ ಕೊಟ್ಟ. ಬಾಲ ಅಗಲ ಇರುವ, ಬಣ್ಣ ಬಣ್ಣದ ಗಪ್ಪಿಗಳು. ಜೊತೆಗೆ ಗಾಜು ಕ್ಲೀನ್ ಮಾಡುತ್ತೆ ಅಂತ ಒಂದು ಸಕ್ಕರ್ ಮೀನು. ಬೆಳಗ್ಗೆ ಎದ್ದು ನೋಡಿದರೆ ಗಪ್ಪಿಗಳಿಗೆ ಬಾಲವೇ ಇಲ್ಲ. ಮೊಂಡು ಮೈ ಅಲ್ಲಾಡಿಸಿಕೊಂಡು ಮೇಲೆ ಬರಲು ಒದ್ದಾಡುತ್ತಿದ್ದವು. ನನ್ನ ಮಗ ಅಳುವುದಕ್ಕೆ ಶುರು ಮಾಡಿದ. ಅಂಗಡಿಗೆ ಫೋನ್ ಮಾಡಿದರೆ, "ನೀವು ಹೊಟ್ಟೆ ತುಂಬಾ ಊಟ ಹಾಕಿಲ್ಲ ಮೇಡಂ, ಹಸಿದಿದ್ರೆ ಕಚ್ಚುತ್ತೆ" ಎಂದ. ಅಂದರೆ ತಪ್ಪು ನನ್ನದು!

ಊಟ ಅಂತ ಅವನು ಕೊಟ್ಟಿದ್ದೂ ಕೆಂಪು ಕಾಳಿನ ಡಬ್ಬಿ. ಅದನ್ನು ಪಫರ್ ಮೂಸಿಯೂ ನೋಡಲಿಲ್ಲ. ಇದರ ಹಲ್ಲು ಕೂಡಿಕೊಂಡು ಕೊಕ್ಕಿನ ಹಾಗೆ ಇರುತ್ತೆ, ಬೆಳೆಯುತ್ತಲೇ ಇರುತ್ತೆ. ಚಿಪ್ಪಿರುವ ಬಸವನಹುಳು, ಏಡಿ, ಸೀಗಡಿ ಕಡಿದು ಸವೆಸಬೇಕು. ಇಲ್ಲದಿದ್ದರೆ ಬಾಯಿ ತೆರೆಯಲಾಗದೆ ಉಪವಾಸ ಸಾಯುತ್ತೆ. ಇದನ್ನೂ ಅವನು ಹೇಳಲಿಲ್ಲ. ಹೊಟ್ಟೆ ತುಂಬಿದ್ದರೂ ಇದು ಪಕ್ಕದ ಮೀನಿನ ರೆಕ್ಕೆ ಕಚ್ಚುತ್ತೆ. ಅದರ ಸ್ವಭಾವವೇ ಅದು.

ಮುಂದಿನ ಸಲ ಮಾಲಿ ಅನ್ನುವ ಮೀನು ಕೊಟ್ಟ. "ಮಾಲಿಗೆ ಉಪ್ಪು ಆಗುತ್ತೆ, ಇದು ಪಕ್ಕಾ ಜೋಡಿ" ಎಂದ. ಉಪ್ಪು ಆಗುತ್ತೆ ಅನ್ನುವುದು ನಿಜ. ಆದರೆ ಕಚ್ಚಿಸಿಕೊಳ್ಳುವುದಕ್ಕೂ ಆಗುತ್ತಾ? ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಬಂದವರೆಲ್ಲ ಟ್ಯಾಂಕ್ ಮುಂದೆ ನಿಂತು "ಏನಮ್ಮಾ ಇದು, ಮೀನಿಗೆ ಬಾಲಾನೇ ಇಲ್ವಲ್ಲ" ಅಂತ ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ಅವರು ಹೋದ ಮೇಲೆ ಅತ್ತೆ ಮೆಲ್ಲಗೆ, "ಮನೇಲಿ ದಿನಾ ಹೆಣ ಎತ್ತೋ ಹಾಗಾಯ್ತಲ್ಲಮ್ಮ" ಎಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮತ್ತೆ ಅಂಗಡಿಗೆ ಹೋದೆ. ಓನರ್ ಯಾರ ಜೊತೆಗೋ ಫೋನಿನಲ್ಲಿದ್ದ. ನಾನು ಸುಮ್ನೆ ಒಳಗಡೆ ಟ್ಯಾಂಕುಗಳ ಸಾಲು ನೋಡುತ್ತಾ ಹೋದೆ. ಹಿಂದುಗಡೆ ಮೂಲೆಯಲ್ಲಿ ಪಫರ್‌ಗಳು. ಅಡ್ಡ ಗಾಜು ಹಾಕಿ ಒಂದೊಂದು ಖಾನೆಯಲ್ಲಿ ಒಂದೊಂದನ್ನೇ ಬಿಟ್ಟಿದ್ದಾರೆ. ಬೇರೆ ಒಂದು ಮೀನೂ ಇಲ್ಲ. ಅಲ್ಲಿ ಕೆಲಸ ಮಾಡುವ ಹುಡುಗನನ್ನು ಕೇಳಿದೆ, "ಯಾಕಪ್ಪಾ ಇದನ್ನ ಹೀಗೆ ಬೇರೆ ಬೇರೆ ಇಟ್ಟಿದ್ದೀರಾ?" ಪಾಪ, ಅವನು ನೇರವಾಗಿ ಹೇಳಿಬಿಟ್ಟ. "ಜೊತೇಲಿ ಬಿಟ್ರೆ ಎಲ್ಲಾ ಕಚ್ಚಿ ಹಾಕ್ತಾವೆ ಅಕ್ಕಾ. ಲಾಸ್ ಆಗುತ್ತೆ. ಅದಕ್ಕೆ ಓನರ್ ಬೇರೆ ಇಡು ಅಂದವ್ರೆ."

ಲಾಸ್ ಆಗುತ್ತೆ ಅಂತೆ. ಅವನ ಅಂಗಡಿಯಲ್ಲಿ ಬಿಟ್ಟರೆ ಅವನಿಗೆ ಲಾಸ್, ನಮ್ಮ ಮನೆಯಲ್ಲಿ ಬಿಟ್ಟರೆ ಪಕ್ಕಾ ಜೋಡಿ. ಅಲ್ಲೇ ನಿಂತುಬಿಟ್ಟೆ. ಮೈಯೆಲ್ಲ ಉರಿಯಿತು. ಪ್ರತಿ ಸಲ "ಇದು ಹೊಂದುತ್ತೆ" ಅಂತ ಕವರ್‌ಗೆ ನೀರು ತುಂಬಿ, ಗಾಳಿ ಊದಿ, ರಬ್ಬರ್ ಬ್ಯಾಂಡ್ ಹಾಕಿ ಕೊಡುವಾಗ ಅವನಿಗೆ ಗೊತ್ತಿತ್ತು. ಈ ಮೀನು ಸಾಯುತ್ತೆ, ಈಯಮ್ಮ ಮತ್ತೆ ಬರುತ್ತಾಳೆ, ಮತ್ತೆ ತಗೊಳ್ಳುತ್ತಾಳೆ ಅಂತ ಗೊತ್ತಿತ್ತು. ನೆನೆಸಿಕೊಂಡರೆ ಈಗಲೂ ಕೋಪ ಬರುತ್ತೆ.

ಓನರ್ ಫೋನ್ ಇಟ್ಟ ಮೇಲೆ ಕೇಳಿದೆ. "ನೀವು ಇದನ್ನ ಒಂಟಿಯಾಗಿ ಇಟ್ಟಿದ್ದೀರಲ್ಲ, ನನಗೆ ಯಾಕೆ ಗಪ್ಪಿ ಕೊಟ್ರಿ?" ಅವನು ಆ ಹುಡುಗನ ಕಡೆ ಒಮ್ಮೆ ಗುರಾಯಿಸಿದ. ಆಮೇಲೆ ನಗುತ್ತಾ, "ಅದು ಒಂದೊಂದು ಪೀಸ್ ಮೇಲೆ ಮೇಡಂ. ಕೆಲವು ಸಾಧು ಇರುತ್ತೆ. ನಿಮ್ದು ಸ್ವಲ್ಪ ರೌಡಿ" ಎಂದ. ಇಷ್ಟಾದ ಮೇಲೂ ಬಿಡಲಿಲ್ಲ. "ಗಟ್ಟಿ ಮೀನು ಕೊಡ್ತೀನಿ, ಇದಕ್ಕೆ ಏನೂ ಆಗಲ್ಲ" ಅಂತ ಸ್ಕ್ಯಾಟ್ ಮರಿಗಳನ್ನು ತೆಗೆಯುವುದಕ್ಕೆ ಬಲೆ ಹಿಡಿದ. ನನ್ನ ಯಜಮಾನರು ಜೊತೆಗಿದ್ದರು, ಜಗಳ ಬೇಡ ಅಂತ ಹಳೆಯ ದುಡ್ಡಿಗೆ ಬದಲು ಅದನ್ನು ತಗೊಂಡರು. ಸ್ಕ್ಯಾಟ್ ಒಂದು ಅಡಿವರೆಗೂ ಬೆಳೆಯುವ ಮೀನು. ಬೆನ್ನಿನ ಮುಳ್ಳು ಚುಚ್ಚಿದರೆ ವಿಷದ ಉರಿ ಬೇರೆ. ಅದನ್ನು ಎರಡು ಅಡಿ ಟ್ಯಾಂಕಿಗೆ ಕೊಟ್ಟ!

ಇನ್ನೊಂದು ಹೇಳಲೇಬೇಕು. ನನ್ನ ಮಗನಿಗೆ ತೋರಿಸಲು ಅಂತ ಪಫರನ್ನು ಬಲೆಯಲ್ಲಿ ನೀರಿನಿಂದ ಮೇಲೆ ಎತ್ತಿ ಉಬ್ಬಿಸಿದ. ಮಗು ಚಪ್ಪಾಳೆ ತಟ್ಟಿತು, ಅದಕ್ಕೇನು ಗೊತ್ತು. ಆ ಮೀನು ಹೆದರಿಕೆಗೆ ಉಬ್ಬುತ್ತೆ. ನೀರಿನ ಹೊರಗೆ ಉಬ್ಬಿದರೆ ಒಳಗೆ ಗಾಳಿ ಸೇರಿ, ಅದು ಹೊರಗೆ ಹೋಗದೆ ಸಾಯಲೂಬಹುದು. ಮೀನು ಮಾರುವವನೇ ಹೀಗೆ ಆಟ ಆಡಿದರೆ? ಯಾರಾದರೂ ಹಾಗೆ ಮಾಡಿದರೆ ಅಲ್ಲೇ ಬೇಡ ಅನ್ನಿ.

ಮನೆಗೆ ಬಂದು ವಾಟ್ಸಾಪಿನಲ್ಲಿ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರಗಳು: "ಜೀವ ಇರೋ ಐಟಂಗೆ ಗ್ಯಾರಂಟಿ ಇಲ್ಲ ಮೇಡಂ." "ನಿಮ್ಮ ನೀರು ಸರಿ ಇಲ್ಲ, ಟೆಸ್ಟ್ ಮಾಡಿಸಿ." ಇದೇ ಮನುಷ್ಯ ತಾನೇ ಬೋರ್ ನೀರು ಸಾಕು ಅಂದಿದ್ದು! ಬಿಲ್ ಕೇಳಿದರೆ, "ಮೀನಿಗೆ ಯಾರು ಬಿಲ್ ಕೊಡ್ತಾರೆ?" ಸ್ಕ್ಯಾಟ್ ವಾಪಸ್ ತಗೊಳ್ಳಿ ಅಂದರೆ, "ಬೇಡ ಅಂದ್ರೆ ಕೆರೆಗೆ ಬಿಟ್ಬಿಡಿ." ಆಮೇಲೆ ಬ್ಲಾಕ್ ಮಾಡಿದ.

ಈಗ ಪಫರ್ ಒಂದೇ ಇದೆ. ಮರೀನ್ ಸಾಲ್ಟ್ ತಂದು, ಹೈಡ್ರೋಮೀಟರಿನಲ್ಲಿ ವಾರಕ್ಕೆ 0.002ಕ್ಕಿಂತ ಜಾಸ್ತಿ ಏರದ ಹಾಗೆ ನಿಧಾನವಾಗಿ ಉಪ್ಪು ಏರಿಸುತ್ತಿದ್ದೇನೆ. ಬಸವನಹುಳು ಕಟಕಟ ಅಂತ ಕಡಿದು ತಿನ್ನುತ್ತೆ, ಆರಾಮಾಗಿದೆ. ಅದಕ್ಕೆ ಯಾವ ಬೇಜಾರೂ ಇಲ್ಲ. ಪೂರ್ತಿ ಬೆಳೆದರೆ ಹದಿನೈದು ಸೆಂಟಿಮೀಟರ್ ಆಗುತ್ತೆ, ನೂರು ಲೀಟರಿಗಿಂತ ದೊಡ್ಡ ಟ್ಯಾಂಕ್ ಬೇಕು, ಅದಕ್ಕೆ ದುಡ್ಡು ಕೂಡಿಸುತ್ತಿದ್ದೇನೆ.

ನೀವು ತಗೊಳ್ಳುವುದಾದರೆ ಮೊದಲು ಅಂಗಡಿಯಲ್ಲಿ ಪಫರ್ ಯಾವುದರ ಜೊತೆ ಇದೆ ನೋಡಿ. ಅವರು ಬಾಯಲ್ಲಿ ಏನು ಹೇಳುತ್ತಾರೆ ಅನ್ನುವುದು ಬೇಡ, ಅವರೇ ಹೇಗೆ ಇಟ್ಟಿದ್ದಾರೆ ಅದನ್ನು ನೋಡಿ. ಯಾವ ಪಫರ್ ಅಂತ ಸರಿಯಾಗಿ ಕೇಳಿ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಸಿಗುವ ಪುಟ್ಟ ಪೀ ಪಫರ್ ಪೂರ್ತಿ ಸಿಹಿನೀರಿನದು, ಅದಕ್ಕೆ ಉಪ್ಪು ಹಾಕಬಾರದು. ಫಿಗರ್ ಏಟ್ ಅನ್ನುವ ಇನ್ನೊಂದು ಜಾತಿ ಪಫರ್ ಜೊತೆ ಬಂಬಲ್‌ಬೀ ಗೋಬಿ ಅನ್ನುವ ಪುಟ್ಟ ಮೀನು ಇಟ್ಟು ನಿಭಾಯಿಸುವವರು ಇದ್ದಾರೆ. ಆದರೆ ಗ್ರೀನ್ ಸ್ಪಾಟೆಡ್ ಒಂಟಿಯಾಗಿಯೇ ಇರಲಿ. ಬಿಲ್ ಕೊಡದವನ ಹತ್ತಿರ ಒಂದು ಮೀನೂ ತಗೊಳ್ಳಬೇಡಿ.

ಸ್ಕ್ಯಾಟ್ ಮರಿಗಳು ಬೇರೆ ಟಬ್ಬಿನಲ್ಲಿ ಚೆನ್ನಾಗಿವೆ, ಕೆರೆಗೆ ಬಿಡುವ ಮಾತೇ ಇಲ್ಲ. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ದೊಡ್ಡ ಸವುಳು ನೀರಿನ ಟ್ಯಾಂಕ್ ಇದ್ದರೆ, ಪಫರ್ ಇಲ್ಲದ್ದು, ಹೇಳಿ. ದುಡ್ಡು ಏನೂ ಬೇಡ, ನಾನೇ ತಂದುಕೊಡುತ್ತೇನೆ.