ಉಪ್ಪುನೀರಿನ ಟ್ಯಾಂಕ್: 'ತಳ ಮುಟ್ಟಬೇಡಿ' ಅಂದವರನ್ನು ನಂಬಿ ಮೀನು ಕಳೆದುಕೊಂಡೆ

ಕೋಲಾರದಲ್ಲಿ ಸಮುದ್ರದ ಮೀನು ಸಾಕುವವರು ಕಡಿಮೆ. ಏನಾದರೂ ಆದರೆ ಓಡಿಹೋಗಿ ಕೇಳೋಣ ಅಂದರೆ ಹತ್ತಿರದಲ್ಲಿ ಯಾರೂ ಸಿಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 3 ಅಡಿ ಟ್ಯಾಂಕ್. ಬೆಂಗಳೂರಿನ ಅಂಗಡಿಯವರೇ ಬಂದು ಜೋಡಿಸಿದರು. ತಳಕ್ಕೆ ಕಡಲೆಬೇಳೆ ಗಾತ್ರದ ಹವಳದ ಚೂರು, ಪೂರ್ತಿ 5 ಇಂಚು. ಅದರ ಮೇಲೆ ಕಲ್ಲು. ಫಿಲ್ಟರ್ ಅಂತ ಇದ್ದದ್ದು ಒಂದು ಕ್ಯಾನಿಸ್ಟರ್ (ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿ ಫಿಲ್ಟರ್) ಮಾತ್ರ. ನೊರೆ ಎಬ್ಬಿಸಿ ನೀರಿನ ಗಲೀಜು ತೆಗೆಯುವ ಸ್ಕಿಮ್ಮರ್ ಬೇಡವಾ ಅಂತ ಕೇಳಿದೆ. "ಬೇಡ ಸರ್. ತಳ ಮುಟ್ಟಬೇಡಿ, ಫಿಲ್ಟರ್ ಬಿಚ್ಚಬೇಡಿ, ಬ್ಯಾಕ್ಟೀರಿಯಾ ಎಲ್ಲಾ ನೋಡಿಕೊಳ್ಳುತ್ತೆ" ಅಂದರು. ನಂಬಿದೆ.

8 ತಿಂಗಳು ಚೆನ್ನಾಗೇ ಇತ್ತು. ಕ್ಲೌನ್ ಮೀನಿನ ಜೋಡಿ ನನ್ನ ಬೆರಳಿನ ಹತ್ತಿರ ಬಂದು ಊಟ ತೆಗೆದುಕೊಳ್ಳುತ್ತಿದ್ದವು. ಆದರೆ ಗಲೀಜು ಕೊಳೆತು ಕೊನೆಗೆ ನೀರಿನಲ್ಲಿ ಉಳಿಯುವ ನೈಟ್ರೇಟ್ ಮಾತ್ರ ಎಷ್ಟು ನೀರು ಬದಲಾಯಿಸಿದರೂ ಇಳಿಯುತ್ತಿರಲಿಲ್ಲ. ಗಾಜಿನ ಬುಡದಲ್ಲಿ ಕಾಡಿಗೆ ಬಳಿದ ಹಾಗೆ ಕಪ್ಪು ಪಟ್ಟಿ ಬಂತು. ನೋಡಿಯೂ ಸುಮ್ನೆ ಬಿಟ್ಟೆ.

ಒಂದು ಭಾನುವಾರ ವಾಲಿದ ಕಲ್ಲನ್ನು ಸರಿ ಮಾಡೋಣ ಅಂತ ಎತ್ತಿದೆ. ಕೆಳಗಿಂದ ಕಪ್ಪು ಮಡ್ಡಿ ಎದ್ದು ನೀರು ಕದಡಿತು, ಕೊಳೆತ ಮೊಟ್ಟೆಯ ವಾಸನೆ ಹಾಲ್ ತುಂಬಾ ಹರಡಿತು. ಅರ್ಧ ಗಂಟೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೆಳಿಗ್ಗೆ ನೋಡಿದರೆ ಎರಡೂ ಸತ್ತು ಪಂಪಿನ ಬಾಯಿಗೆ ಅಂಟಿಕೊಂಡಿದ್ದವು.

ಆಮೇಲೆ ಓದಿ ತಿಳಿದೆ. ದಪ್ಪ ಕಾಳಿನ ಸಂದಿಗಳಲ್ಲಿ ಊಟ, ಗಲೀಜು ಎಲ್ಲಾ ಇಳಿದು ಕೂರುತ್ತದೆ. ಆಳದಲ್ಲಿ ಆಮ್ಲಜನಕ ಇಲ್ಲದೆ ಅದು ಕೊಳೆತು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಅದು ಮೀನಿಗೆ ವಿಷ. ಆಳದ ತಳವೇ ತಪ್ಪು ಅಂತಲ್ಲ, ಆದರೆ ಅದಕ್ಕೆ ಸಕ್ಕರೆಯಷ್ಟು ಸಣ್ಣ ಮರಳು ಬೇಕು, ಅದರೊಳಗೆ ಓಡಾಡುವ ಹುಳಗಳೂ ಬೇಕು. ಕ್ಯಾನಿಸ್ಟರಿನ ಸ್ಪಾಂಜೂ ಅಷ್ಟೇ. ತೊಳೆಯದಿದ್ದರೆ ಅಲ್ಲಿ ಸಿಕ್ಕಿಕೊಂಡಿದ್ದೆಲ್ಲ ನೈಟ್ರೇಟ್ ಆಗಿ ನೀರಿಗೇ ವಾಪಸ್ ಬರುತ್ತದೆ. ಕರೆಂಟ್ ನಾಲ್ಕೈದು ಗಂಟೆ ಹೋದರಂತೂ ಒಳಗಿನ ನೀರು ಕೆಟ್ಟು, ಆನ್ ಮಾಡಿದ ಕೂಡಲೇ ಟ್ಯಾಂಕಿಗೆ ಬೀಳುತ್ತದೆ.

ಈಗ ಸಣ್ಣ ಅರಗೊನೈಟ್ (ಹವಳ, ಚಿಪ್ಪಿನಲ್ಲಿರುವಂಥ ಸುಣ್ಣದ) ಮರಳು ಹಾಕಿದ್ದೇನೆ, ಒಂದೂವರೆ ಇಂಚು ಅಷ್ಟೇ. ಸ್ಕಿಮ್ಮರ್ ತಂದೆ. ಸ್ಪಾಂಜನ್ನು ವಾರಕ್ಕೊಮ್ಮೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ಎಂ-ಸ್ಯಾಂಡ್ ತೊಳೆದು ಹಾಕಬಹುದಲ್ವಾ ಅಂತ ಗೆಳೆಯ ಕೇಳಿದ. ಬೇಡ, ಅದು ಗ್ರಾನೈಟ್ ಪುಡಿ, ಅರಗೊನೈಟಿನ ಹಾಗೆ ಸುಣ್ಣದ್ದಲ್ಲ. ಮರಳು ಕೊಳ್ಳುವಾಗ ಒಂದು ಚಿಟಿಕೆ ಮೇಲೆ ವಿನೆಗರ್ ಬಿಡಿ, ನೊರೆ ಬರದಿದ್ದರೆ ಅದು ಅರಗೊನೈಟ್ ಅಲ್ಲ. ನಮ್ಮ ಕಡೆಯ ಬೋರ್ ನೀರನ್ನೂ ಹಾಗೇ ಹಾಕಬೇಡಿ, ಅದರಲ್ಲಿ ಫ್ಲೋರೈಡ್, ನೈಟ್ರೇಟ್ ಜಾಸ್ತಿ. ಆರ್‌ಒ ನೀರಿಗೇ ಉಪ್ಪು ಕಲಸಿ.

ನಿಮ್ಮ ಟ್ಯಾಂಕಿನ ಬುಡದಲ್ಲೂ ಆ ಕಪ್ಪು ಪಟ್ಟಿ ಕಂಡರೆ ದಯವಿಟ್ಟು ಹಾಗೇ ಕೈ ಹಾಕಬೇಡಿ. ಮೊದಲು ಮೀನುಗಳನ್ನು ಅದೇ ನೀರು ತುಂಬಿದ ಟಬ್ಬಿಗೆ ಬಿಟ್ಟು, ಏರ್ ಪಂಪ್ ಹಾಕಿ, ಆಮೇಲೆ ತಳ ತೆಗೆಯಿರಿ.