ಹೆಬ್ಬೆಟ್ಟು ಒತ್ತುವ ಮುಂಚೆ ಯಾಕೆ ಅಂತ ಕೇಳಿ

ಅವ್ವನಿಗೆ ಐದು ತಿಂಗಳು ಗೃಹಲಕ್ಷ್ಮಿ ದುಡ್ಡು ಬರಲಿಲ್ಲ. ಬರಲಿಲ್ಲ ಅನ್ನೋದೂ ತಪ್ಪು. ಬಂದಿತ್ತು, ನಮಗೇ ಗೊತ್ತಿಲ್ಲದ ಖಾತೆಗೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಓದಿಬಿಡಿ.

2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಾಗಿಂದ ತಿಂಗಳಿಗೆ 2000 ರೂಪಾಯಿ ಅವಳ ಹಳೇ ಖಾತೆಗೇ ಬೀಳುತ್ತಿತ್ತು. ಒಂದೆರಡು ತಿಂಗಳು ತಡವಾಗೋದು ಮಾಮೂಲು, ಅದಕ್ಕೇ ನಾವೂ ಸುಮ್ನಿದ್ದೆವು. ಪಕ್ಕದ ಮನೆಯವರಿಗೆ ಎರಡು ಕಂತು ಒಟ್ಟಿಗೆ ಬಂತು ಅಂದಾಗಲೇ ಎಚ್ಚರವಾಗಿದ್ದು.

ಅಂಗನವಾಡಿ ಟೀಚರ್ ಸಿಡಿಪಿಒ ಆಫೀಸಿಗೆ, ಅಂದರೆ ಮಹಿಳಾ ಮತ್ತು ಮಕ್ಕಳ ಇಲಾಖೆಯ ಆಫೀಸಿಗೆ ಕಳಿಸಿದರು. ಅಲ್ಲಿನವರು ಕಂಪ್ಯೂಟರನ್ನೇ ನಮ್ಮ ಕಡೆ ತಿರುಗಿಸಿದರು. "ನೋಡಿ, ಸಕ್ಸಸ್ ಅಂತಿದೆ. ನಮ್ಮ ಕಡೆಯಿಂದ ಹೋಗಿದೆ." ಬ್ಯಾಂಕಿಗೆ ಹೋದರೆ ಪಾಸ್‌ಬುಕ್ ಎಂಟ್ರಿ ಹಾಕಿ ಕೊಟ್ಟರು. "ಬಂದಿಲ್ಲ ಸಾರ್. ಆಧಾರ್ ಲಿಂಕ್ ಇದೆ, ನಮ್ಮಲ್ಲೇನೂ ತೊಂದರೆ ಇಲ್ಲ." ಇಬ್ಬರು ಹೇಳಿದ್ದೂ ನಿಜ. ಕಷ್ಟ ಇದ್ದದ್ದೇ ಅಲ್ಲಿ. ಸುಳ್ಳು ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೂರನೇ ಸುತ್ತಿನಲ್ಲಿ ಗ್ರಾಮ ಒನ್ ಹುಡುಗ ಡಿಬಿಟಿ ಕರ್ನಾಟಕ ಆ್ಯಪ್ ತೆಗೆದ, ಸರ್ಕಾರದ ದುಡ್ಡು ಯಾವ ಖಾತೆಗೆ ಹೋಯಿತು ಅಂತ ಅದರಲ್ಲಿ ಕಾಣುತ್ತೆ. ಅದರಲ್ಲಿ ಬೇರೆ ಬ್ಯಾಂಕಿನ ಹೆಸರಿತ್ತು. "ಅಜ್ಜಿ, ಇಲ್ಲೊಂದು ಖಾತೆ ತೆರೆದಿದ್ರಾ?" ಅವ್ವ ಇಲ್ಲ ಅಂತ ತಲೆಯಾಡಿಸಿದಳು. ಮನೆಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ದೇವರ ಫೋಟೋ ಹಿಂದಿನಿಂದ ಒಂದು ಸಿಮ್ ಕವರ್ ತಂದಿಟ್ಟಳು. ಸಂತೆಯಲ್ಲಿ ಛತ್ರಿ ಹಾಕಿಕೊಂಡು ಕೂತಿದ್ದವನು ಫ್ರೀ ಅಂತ ಕೊಟ್ಟಿದ್ದನಂತೆ. "ಬೆರಳು ಸರಿಯಾಗಿ ಬೀಳ್ತಿಲ್ಲ, ಇನ್ನೊಂದ್ಸಲ ಒತ್ತಿ" ಅಂತ ಮೂರು ಸಲ ಒತ್ತಿಸಿಕೊಂಡಿದ್ದ. ಹೊಲದ ಕೆಲಸ ಮಾಡಿದ ಕೈ, ಗೆರೆ ಸವೆದಿರುತ್ತೆ. ನ್ಯಾಯಬೆಲೆ ಅಂಗಡಿಯಲ್ಲೂ ಇದೇ ಪಾಡು, ಹಾಗಾಗಿ ಅವ್ವನಿಗೆ ಅನುಮಾನವೇ ಬರಲಿಲ್ಲ. ಸಿಮ್ ಜೊತೆಗೆ ಅವಳ ಹೆಸರಲ್ಲಿ ಖಾತೆಯೂ ತೆರೆದಿತ್ತು. ದುಡ್ಡು ಬಿದ್ದ ಮೆಸೇಜು ಯಾವ ಫೋನಿಗೂ ಹಾಕದ ಆ ಸಿಮ್ಮಿಗೆ ಹೋಗುತ್ತಿತ್ತು.

ನನಗೆ ಅಲ್ಲಿವರೆಗೆ ತಿಳಿಯದಿದ್ದ ವಿಷಯ ಇದು. ಆಧಾರ್ ಎಷ್ಟು ಖಾತೆಗೆ ಬೇಕಾದರೂ ಲಿಂಕ್ ಇರಬಹುದು. ಸರ್ಕಾರದ ದುಡ್ಡು ಮಾತ್ರ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೋ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಯಾವ ಬ್ಯಾಂಕ್ ಇದೆಯೋ ಅಲ್ಲಿಗೇ ಹೋಗುತ್ತೆ. ಆ ಪಟ್ಟಿಗೆ ಸೇರಿಸೋದಕ್ಕೆ ಸೀಡಿಂಗ್ ಅಂತಾರೆ; ಕೊನೆಯದಾಗಿ ಯಾವ ಬ್ಯಾಂಕ್ ಸೀಡಿಂಗ್ ಮಾಡಿತೋ ಅದರ ಹೆಸರೇ ಅಲ್ಲಿ ಕೂರುತ್ತೆ. "ಲಿಂಕ್ ಇದೆ" ಅಂತ ಬ್ಯಾಂಕಿನವರು ಹೇಳಿದರೆ ನಂಬಿಕೊಂಡು ಬರಬೇಡಿ, "ಎನ್‌ಪಿಸಿಐ ಮ್ಯಾಪಿಂಗ್ ಇಲ್ಲೇ ಇದೆಯಾ?" ಅಂತಲೇ ಕೇಳಿ. ಇದೇನು ಹೊಸ ಆಟವೂ ಅಲ್ಲ. 2017ರಲ್ಲಿ ಹೀಗೇ ಸಿಮ್ ಪರಿಶೀಲನೆ ನೆಪದಲ್ಲಿ ಖಾತೆ ತೆರೆದು, ಜನರ ಗ್ಯಾಸ್ ಸಬ್ಸಿಡಿ ಅತ್ತ ಹೋಗಿ ದೇಶವೆಲ್ಲ ಗಲಾಟೆಯಾಗಿತ್ತು.

ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಬಹುದು. ಆಧಾರ್‌ನಲ್ಲಿರುವ ಮೊಬೈಲಿಗೆ ಒಟಿಪಿ ಬರುತ್ತೆ, ಎರಡು ನಿಮಿಷದ ಕೆಲಸ. ಇವತ್ತೇ ನೋಡಿ. ಬೇರೆ ಬ್ಯಾಂಕ್ ತೋರಿಸಿದರೆ, ನಿಮಗೆ ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ತುಂಬಿಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ನಾವು ಮೊದಲ ಸಲ ಸ್ವೀಕೃತಿ ತೆಗೆದುಕೊಳ್ಳದೆ ಬಂದು ಇನ್ನೊಂದು ತಿಂಗಳು ಕಳೆದುಕೊಂಡೆವು.

ನಮ್ಮಜ್ಜಿಯ ಪಿಂಚಣಿ ಮನಿಯಾರ್ಡರಲ್ಲಿ ಬರುವಾಗ ಪೋಸ್ಟ್‌ಮ್ಯಾನ್ ಹತ್ತು ರೂಪಾಯಿ ಹಿಡಿದುಕೊಳ್ಳುತ್ತಿದ್ದ. ಅದೇನು ಒಳ್ಳೇ ಕಾಲವಾಗಿರಲಿಲ್ಲ ಬಿಡಿ. ಆದರೆ ಬರದಿದ್ದರೆ ಜಗಲಿ ಮೇಲೆ ಕೂರಿಸಿ ಕೇಳೋಕೆ ಒಬ್ಬ ಮನುಷ್ಯ ಇದ್ದ. ಈಗ ಯಾರೂ ಕೈ ಚಾಚಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಾಗಲ್ಲ.

ದುಡ್ಡು ಕೊನೆಗೆ ಸಿಕ್ಕಿತು, ಯಾವುದೋ ವಿಮೆ ಅಂತ ಮುರಿದುಕೊಂಡಿದ್ದು ಬಿಟ್ಟು. ಆ ವಿಮೆಗೂ ಅವ್ವನೇ ಹೆಬ್ಬೆಟ್ಟು ಒತ್ತಿದ್ದಾಳಂತೆ, ಮೂರನೆಯದು.